ಹದಿನಾಲ್ಕನೇ ನಂಬರಿನ ದನಿ

ಅಂಗಿ ಮೈಗೆ ಸರಿಯಾಗಿ ಕೂತಿತ್ತು. ಅವನಿಗೆ ಕಿರಿಕಿರಿಯಾದದ್ದೇ ಅದಕ್ಕೆ. ಹೊಸ ಅಂಗಿ ಎಂದಮೇಲೆ ಎಲ್ಲಾದರೂ ಒಂದು ಕಡೆ ಹಿಡಿಯಬೇಕು, ಕಂಕುಳಲ್ಲೋ ಕತ್ತಿನಲ್ಲೋ. ಹಿಡಿದರೆ ಹೊಲಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಹಗುರಾಗಬಹುದು. ಇದು ಎಲ್ಲೂ ಹಿಡಿಯಲಿಲ್ಲ. ಹೆಂಡತಿಯ ತಂಗಿ, ಅವನ ನಾದಿನಿ, ಅಳತೆಯನ್ನೂ ತೆಗೆದುಕೊಂಡಿರಲಿಲ್ಲ. ಹೋದವಾರ ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಭಾವ ಸ್ವಲ್ಪ ಇಳ್ದುಹೋಗಿದಾರಲ್ಲಕ್ಕಾ" ಎಂದು ಅಕ್ಕನಿಗೆ ಹೇಳಿ ಹೋದವಳು ನಾಲ್ಕನೇ ದಿನಕ್ಕೆ ಹೊಲಿದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಕಳಿಸಿದ್ದಳು. ಮೂವತ್ತು ವರ್ಷದಿಂದ ಶಾಲೆ ಮಕ್ಕಳ ಸಮವಸ್ತ್ರ ಹೊಲಿದ ಕೈ ಅದು. ಯಾರ ಮೈ ನೋಡಿದರೂ ಎಷ್ಟು ಬಟ್ಟೆ ಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡ. ಲಂಚವನ್ನೇ ತೊಟ್ಟುಕೊಂಡು ನಿಂತವನ ಹಾಗೆ ಕಾಣುತ್ತೇನೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಅವಳ ಮೇಲೆಯೇ ಸಿಟ್ಟು ಬಂತು. ಲಂಚ ಕೊಡುವಷ್ಟು ಬುದ್ಧಿ ಅವಳಿಗಿದ್ದಿದ್ದರೆ ಇಷ್ಟು ವರ್ಷ ಹೊಲಿಗೆ ಮಷೀನಿನ ಮುಂದೆ ಬೆನ್ನು ಬಗ್ಗಿಸಿಕೊಂಡು ಕೂತಿರುತ್ತಿದ್ದಳೇ?

ಹೆಂಡತಿ ಹಿಂದಿನಿಂದ ಬಂದು ಕಾಲರು ಎಳೆದು ನೇರ ಮಾಡಿದಳು.

"ಇವತ್ತಾದ್ರೂ ಬಾಯಿ ಬಿಟ್ಟು ಹೇಳಿ. ಅಲ್ಲಿ ಹೋಗಿ ಗೋಡೆ ನೋಡ್ತಾ ಕೂತ್ಕೋಬೇಡಿ."

"ಏನಂತ ಹೇಳ್ಬೇಕು?"

"ಹದಿನಾಲ್ಕನೇ ನಂಬರಿನ ಕ್ಯಾಸೆಟ್ಟು ನನ್ನ ತಂಗಿ ಹಾಡಿದ್ದು ಅಂತ. ಇನ್ನೇನು?"

"ಆ ವಾರ ನಾಲ್ಕು ಜನ ಹುಡುಗೀರು ಅದೇ ಹಾಡು ಹಾಡಿದ್ರು. ಸಾವಿರ ಸಲ ಹೇಳಿದೀನಿ ನಿಂಗೆ."

"ನಾಲ್ಕರಲ್ಲಿ ಯಾರದ್ದನ್ನ ಕಳಿಸಿದ್ರಿ ಅಂತ ನಿಮಗೆ ಗೊತ್ತಿಲ್ವಾ? ಊರೆಲ್ಲ ನಿಮ್ಮನ್ನ ಕಿವಿ ಮೇಷ್ಟ್ರು ಅಂತ ಕರೆಯತ್ತೆ. ಮನೆ ಹುಡುಗಿ ದನಿ ಆ ಕಿವಿಗೆ ಗೊತ್ತಾಗ್ಲಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ?"

ಅವನು ಬಗ್ಗಿ ಚಪ್ಪಲಿ ಹುಡುಕಿದ. ಚಪ್ಪಲಿ ಎದುರಿಗೇ ಇತ್ತು. ಮೂವತ್ತಮೂರು ವರ್ಷದಿಂದ ಈ ಪ್ರಶ್ನೆ ಈ ಮನೆಯಲ್ಲಿ ಓಡಾಡಿಕೊಂಡಿತ್ತು, ವರ್ಷಕ್ಕೆ ಎರಡು ಮೂರು ಸಲ ತಲೆಯೆತ್ತುತ್ತಿತ್ತು, ಅವನು ಪ್ರತಿ ಸಲವೂ ಹೀಗೆ ಏನನ್ನಾದರೂ ಹುಡುಕತೊಡಗುತ್ತಿದ್ದ. "ಕೇಳಿದ್ರೆ ಹೇಳ್ತೀನಿ" ಎಂದ.

"ಕೇಳೇ ಕೇಳ್ತಾರೆ. ಬಂದು ಹಾಡಿ ತೋರಿಸಿ ಅಂತ ಸಂಸ್ಕೃತಿ ಇಲಾಖೆಯಿಂದ ಅವಳಿಗೆ ಕಾಗದ ಬಂದಿದೆ. ಎರಡು ವಾರದಿಂದ ನೆಲದ ಮೇಲೆ ಕಾಲಿಲ್ಲ ಅವಳಿಗೆ. ಐವತ್ತೆರಡು ವರ್ಷಕ್ಕೆ, ನೋಡಿ." ಹೆಂಡತಿಯ ದನಿಯಲ್ಲಿ ನಗುವೂ ಇತ್ತು, ಹೆದರಿಕೆಯೂ ಇತ್ತು. ಅವನು ತಿರುಗಿ ನೋಡದೆ ಮೆಟ್ಟಿಲಿಳಿದ.

ರೈಲು ನಿಲ್ದಾಣದ ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಬೆನ್ನು ಬೆವೆತಿತು. ಸೇತುವೆಯಾಚೆ ಹಿಂಬೀದಿಗಳು: ಒಂದರ ಬೆನ್ನಿಗೊಂದು ಏಳು ಸಾಲು, ಕೆಳಗೆ ಗೋದಾಮು, ಗಾಡಿ ರಿಪೇರಿ ಅಂಗಡಿ, ಮೇಲೆ ಒಂದೊಂದು ಕೋಣೆಯ ಮನೆಗಳು. ಕ್ಷೌರದಂಗಡಿಯೊಳಗಿಂದ ಹಾಡು ಬರುತ್ತಿತ್ತು. ಯಾರೋ ಹೊಸ ಹುಡುಗಿ, ಹೋದ ವರ್ಷ ಹಾಡಿದ್ದು. ಆದರೂ ಅದೇ ಭಾರ, ಅದೇ ನಡುಕ. ಸಾಲಿನ ಕೊನೆಗೆ ಬರುವಾಗ ದನಿ ಕಾಲೆಳೆಯುತ್ತದೆ, ನಿಂತಲ್ಲೇ ಸಣ್ಣಗೆ ಅದುರುತ್ತದೆ. ಇದಕ್ಕೇ ಹಿಂಬೀದಿ ಹಾಡು ಎಂದು ಹೆಸರು. ಎರಡು ತಲೆಮಾರಿನವರು ಗಂಟಲು ಹಿಂಡಿ ಹಿಂಡಿ ಇದನ್ನು ಕಲಿತಿದ್ದರು, ಹಾರ್ಮೋನಿಯಂಗಳ ಶ್ರುತಿಯನ್ನು ಒಂದು ಸ್ವರ ಕೆಳಗಿಳಿಸಿಕೊಂಡಿದ್ದರು. ವಿಶ್ವವಿದ್ಯಾಲಯದ ಪ್ರೊಫೆಸರಮ್ಮ ಒಬ್ಬರು ಇದರ ಮೇಲೆ ನಾನೂರು ಪುಟದ ಪುಸ್ತಕ ಬರೆದಿದ್ದರು. ಹಗಲೆಲ್ಲ ಮೂಟೆ ಹೊತ್ತವರ ದಣಿವೇ ಆ ಭಾರವಂತೆ. ರೈಲು ಹೋದಾಗಲೆಲ್ಲ ಅದುರುವ ಗೋಡೆಗಳ ನಡುವೆ ಬೆಳೆದವರ ಗಂಟಲಿಗೆ ಆ ನಡುಕ ತಾನಾಗಿ ಬರುತ್ತದಂತೆ. ಪುಸ್ತಕ ಬಿಡುಗಡೆಯ ದಿನ ವೇದಿಕೆಯ ಮೇಲೆ ಅವರು ಇವನ ಕಡೆ ತಿರುಗಿ, "ಇದನ್ನ ಮೊದಲು ಕೇಳಿಸ್ಕೊಂಡ ಕಿವಿ ಇವರದು. ಅಲ್ವಾ ಸಾರ್?" ಎಂದಿದ್ದರು. ಅವನು ತಲೆಯಾಡಿಸಿದ್ದ. ಕತ್ತು ಒಂದಿಂಚು ಮುಂದೆ ಹೋಗಿ ಹಿಂದೆ ಬಂದದ್ದು, ಅಷ್ಟೇ. ಚಪ್ಪಾಳೆ ಬಿತ್ತು. ಆ ಒಂದಿಂಚನ್ನು ವಾಪಸು ಪಡೆಯುವುದು ಹೇಗೆಂದು ಹನ್ನೊಂದು ವರ್ಷದಿಂದ ಅವನಿಗೆ ಹೊಳೆದಿಲ್ಲ. ಹೊಳೆಯಲೆಂದು ಅವನು ಕಷ್ಟಪಟ್ಟದ್ದೂ ಇಲ್ಲ.

ಮೂವತ್ತಮೂರು ವರ್ಷದ ಹಿಂದೆ ಅವನು ರೆಕಾರ್ಡ್ ಮಾಡುವ ಕೆಲಸಕ್ಕಿದ್ದ ಕ್ಯಾಸೆಟ್ ಕಂಪನಿಯಲ್ಲಿ ಇದ್ದದ್ದು ಒಂದೇ ಯಂತ್ರ. ಎಣ್ಣೆ ಗೋದಾಮಿನ ಮೇಲಿನ ಕೋಣೆಗೆ ಹಳೆ ಕಂಬಳಿ ಹೊಡೆದು ಯಜಮಾನ ಅದನ್ನು ರೆಕಾರ್ಡಿಂಗ್ ಕೋಣೆ ಎನ್ನುತ್ತಿದ್ದ. ಯಂತ್ರದೊಳಗೆ ಟೇಪನ್ನು ಎಳೆಯುವ ಉಕ್ಕಿನ ಕಡ್ಡಿ, ಕಿರುಬೆರಳಿಗಿಂತ ತೆಳು, ಸವೆದು ನುಣ್ಣಗಾಗಿ ಟೇಪು ಜಾರತೊಡಗಿತ್ತು. ಹೊಸದು ಹಡಗಿನಲ್ಲಿ ಬರಬೇಕು, ನಾಲ್ಕು ತಿಂಗಳು. ಹಾಡಲು ಬಂದ ಹುಡುಗಿಯರೆದುರೇ ಯಜಮಾನ, "ನಿನ್ನನ್ನ ಇಟ್ಕೊಂಡಿರೋದು ಸುಮ್ನೆ ನೋಡ್ತಾ ಕೂರೋಕಾ?" ಎಂದು ಕೂಗಿದ. ಆ ಹುಡುಗಿಯರಲ್ಲಿ ನಾದಿನಿಯೂ ಇದ್ದಳು, ಹತ್ತೊಂಬತ್ತು ವರ್ಷ. ಅವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೈಸಿಕೊಂಡ ಭಾವನ ಮುಖ ನೋಡಬಾರದೆಂದು ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಅವಳು ಹಾಗೆ ತಿರುಗಿದ್ದೇ ಅವನಿಗೆ ಹೆಚ್ಚು ಚುಚ್ಚಿತು. ಎಲ್ಲರೂ ಊಟಕ್ಕೆ ಹೋದಾಗ ಗಾಯಕ್ಕೆ ಹಚ್ಚುವ ಬಟ್ಟೆಯ ಅಂಟುಪಟ್ಟಿಯನ್ನು ಆ ಕಡ್ಡಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿದ. ಜಾರುವುದು ನಿಂತಿತು. ಅವನು ಶಿಳ್ಳೆ ಹಾಕಿದ್ದೂ ನೆನಪಿದೆ. ಕಡ್ಡಿ ಒಂದಿಷ್ಟು ದಪ್ಪವಾದರೆ ಟೇಪು ಅಷ್ಟೇ ಬೇಗ ಓಡುತ್ತದೆ, ಹಾಗೆ ಓಡಿದ ಟೇಪನ್ನು ಬೇರೆ ಯಂತ್ರಕ್ಕೆ ಹಾಕಿದರೆ ಹಾಡು ನಿಧಾನವಾಗಿ, ದಪ್ಪವಾಗಿ ಬರುತ್ತದೆ, ಪಟ್ಟಿಯ ಎರಡು ತುದಿ ಸೇರಿದ ಕಡೆಯ ಸಣ್ಣ ದಿಬ್ಬ ಸುತ್ತಿಗೊಮ್ಮೆ ಟೇಪನ್ನು ಜಗ್ಗಿ ದನಿಯನ್ನು ನಡುಗಿಸುತ್ತದೆ: ಇಷ್ಟು ಅವನಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಏಕೆಂದರೆ ಅದೇ ಯಂತ್ರದಲ್ಲಿ ಹಾಕಿ ಕೇಳಿದಾಗ ತಪ್ಪಿಗೆ ತಪ್ಪು ಹೊಂದಿಕೊಂಡು, ಹಾಡು ಹಾಡಿದ ವೇಗದಲ್ಲೇ ಬರುತ್ತಿತ್ತು.

ಒಂದೇ ಹಾಡನ್ನು ನಾಲ್ಕು ಜನರಿಂದ ಹಾಡಿಸಿ, ಚೆನ್ನಾಗಿರುವ ಒಂದನ್ನು ಮಾತ್ರ ದೂರದ ಊರಿನ ಕ್ಯಾಸೆಟ್ ಕಾರ್ಖಾನೆಗೆ ಕಳಿಸುವುದು ಅಲ್ಲಿನ ರೂಢಿ. ಯಾರದ್ದು ಹೋಯಿತೆಂದು ಹಾಡಿದವರಿಗೆ ಹೇಳುವಂತಿಲ್ಲ. ಕ್ಯಾಸೆಟ್ಟಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಹೆಸರು ಹಾಕಿದರೆ ನಾಳೆ ತಲೆ ಮೇಲೆ ಕೂರ್ತಾರೆ ಎನ್ನುತ್ತಿದ್ದ ಯಜಮಾನ. ಅವನು ನಾಲ್ಕನ್ನೂ ಒಬ್ಬನೇ ಕೂತು ಕೇಳಿ ನಾದಿನಿಯದನ್ನು ಆರಿಸಿದ. ಮನೆಯವಳೆಂದಲ್ಲ. ಅವಳ ದನಿ ತೆಳುವಾಗಿತ್ತು, ಚುರುಕಾಗಿತ್ತು, ಯಾರೋ ಮನೆಗೆ ಬಂದ ಖುಷಿಯಲ್ಲಿ ಮೆಟ್ಟಿಲು ಓಡಿ ಹತ್ತಿದಂತಿತ್ತು. ಒಂದು ತಿಂಗಳ ಮೇಲೆ ಕ್ಯಾಸೆಟ್ಟಿನ ಪೆಟ್ಟಿಗೆ ಬಂತು. ಯಜಮಾನ ಒಂದನ್ನು ತೆಗೆದು ಹಾಕಿದ. ಗೋಡೆಗೊರಗಿ ನಿಂತಿದ್ದ ಅವನಿಗೆ ಅಂಟುಪಟ್ಟಿಯ ನೆನಪಾಯಿತು. ಯಾವಳೋ ನಲವತ್ತು ದಾಟಿದ ಹೆಂಗಸು, ಬದುಕಿನಲ್ಲಿ ಏನೇನೋ ಕಳೆದುಕೊಂಡವಳು, ಪ್ರತಿ ಮಾತನ್ನೂ ಎತ್ತಲಾರದೆ ಎತ್ತುತ್ತ, ನಡುಗುತ್ತ ಹಾಡುತ್ತಿದ್ದಳು. ಕೆಲಸ ಹೋಯಿತು ಅಂದುಕೊಂಡ. ಯಜಮಾನ ಕಣ್ಣು ಮುಚ್ಚಿ ಪೂರ್ತಿ ಕೇಳಿದ. "ಏನ್ ಭಾರ ಕಣೋ ಈ ದನಿ! ಯಾರೋ ಇವಳು?" ಅವನ ಬಾಯಿಂದ, "ಗೊತ್ತಿಲ್ಲ ಯಜಮಾನ್ರೇ, ನಾಲ್ಕರಲ್ಲಿ ಒಬ್ಳು" ಎಂದು ಬಂತು. ಎಷ್ಟು ಸಲೀಸಾಗಿ ಬಂತೆಂದರೆ ಅದು ಸುಳ್ಳೆಂದು ಅವನಿಗೆ ಗೊತ್ತಾದದ್ದು ರಾತ್ರಿ ಊಟಕ್ಕೆ ಕೂತಾಗ, ನಾದಿನಿ ಬಡಿಸಲು ಬಂದಾಗ.

ಹದಿನಾಲ್ಕನೇ ನಂಬರು ಮನೆಮನೆಯಲ್ಲಿ ಮೊಳಗಿತು. ನಾಲ್ಕು ತಿಂಗಳಿಗೆ ಹೊಸ ಕಡ್ಡಿ ಬಂತು, ಹಾಕಿದ, ಸರಿಯಾದ ವೇಗದಲ್ಲಿ ಎರಡು ಕ್ಯಾಸೆಟ್ ಮಾಡಿದ. ಅವನ್ನು ಮೂಸಿ ನೋಡುವವರಿರಲಿಲ್ಲ. "ಆ ಭಾರ ಎಲ್ಲಿ ಹೋಯ್ತೋ?" ಎಂದ ಯಜಮಾನ. ಅವತ್ತು ಮಧ್ಯಾಹ್ನ ಅವನು ಹೊಸ ಕಡ್ಡಿಗೂ ಅಂಟುಪಟ್ಟಿ ಸುತ್ತಿದ. ಮೊದಲನೆಯದನ್ನು ತಪ್ಪು ಎನ್ನಬಹುದು. ಎರಡನೆಯದಕ್ಕೆ ಏನೆನ್ನಬೇಕೆಂದು ಅವನು ಯಾವತ್ತೂ ಯೋಚಿಸಲು ಹೋಗಲಿಲ್ಲ. ಹದಿನೇಳು ವರ್ಷ, ತಿಂಗಳಿಗೊಮ್ಮೆ ಪಟ್ಟಿ ಬದಲಾಯಿಸುತ್ತ ಬಂದ. ಹಾಡುವವರು ಕ್ಯಾಸೆಟ್ ಕೇಳಿ ಕೇಳಿ ತಾವೇ ಭಾರವಾದರು, ತಾವೇ ನಡುಗತೊಡಗಿದರು. ಕೊನೆಗೆ ಪಟ್ಟಿ ಬೇಕಾಗಲಿಲ್ಲ. ಯಂತ್ರವನ್ನು ಗುಜರಿಗೆ ಹಾಕಿದ ದಿನ ಅವನಿಗೆ ಒಂದು ಶವ ಸಾಗಿಸಿದಷ್ಟು ನೆಮ್ಮದಿಯಾಯಿತು.

"ಯಾರನ್ನ ನೋಡ್ಬೇಕು?" ಇಲಾಖೆಯ ಬಾಗಿಲಲ್ಲಿ ಕಾವಲಿನವನು ಕೇಳಿದ. ಹಾಡು ಆರಿಸುವ ಸಮಿತಿಯ ಸದಸ್ಯ ಎಂದ ಅವನು. "ಅದೆಲ್ಲ ಒಳಗೆ ಹೇಳಿ. ಇಲ್ಲಿ ಬರೀರಿ. ಬಂದ ಕಾರಣ ಅನ್ನೋ ಕಡೆ ಖಾಲಿ ಬಿಡ್ಬೇಡಿ." ಅವನು 'ಕೆಲಸ' ಎಂದು ಬರೆದ. ಕಾವಲಿನವನು ಅದನ್ನು ಓದಿ, ಈ ವಯಸ್ಸಿನಲ್ಲಿ ಕೆಲಸ ಕೇಳಿಕೊಂಡು ಬಂದಿದ್ದಾನೆಂದು ತಿಳಿದನೋ ಏನೋ, ಸ್ವಲ್ಪ ಮೆತ್ತಗಾಗಿ, "ಎರಡನೇ ಮಹಡಿ, ಅಜ್ಜ" ಎಂದ.

ಕೋಣೆಯಲ್ಲಿ ಅಧಿಕಾರಿ ಮತ್ತು ಪ್ರೊಫೆಸರಮ್ಮ ಆಗಲೇ ವಾದಕ್ಕಿಳಿದಿದ್ದರು. ಹಿಂಬೀದಿಯ ಮೂವತ್ತು ಹಾಡು, ಹಾಡಿದವರ ಹೆಸರು ಮತ್ತು ಭಾವಚಿತ್ರದೊಡನೆ, ಇಲಾಖೆ ಒಂದು ಸಂಗ್ರಹ ತರುವುದಿತ್ತು. ಇಪ್ಪತ್ತೆಂಟು ತೀರ್ಮಾನವಾಗಿದ್ದವು. ಇವತ್ತು ಉಳಿದೆರಡು: ಒಬ್ಬ ಹಲ್ಲಿನ ಡಾಕ್ಟರು ಕಳಿಸಿದ ಹಾಡು, ಮತ್ತು ಹದಿನಾಲ್ಕನೇ ನಂಬರಿನ ಕೆಳಗೆ ಯಾರ ಹೆಸರು ಹಾಕುವುದೆಂಬ ಪ್ರಶ್ನೆ. ಹಲ್ಲಿನ ಡಾಕ್ಟರು ಎರಡು ದಿನದ ಪ್ರಯಾಣದ ದೂರದವನು, ಈ ಊರಿಗೆ ಕಾಲಿಟ್ಟವನಲ್ಲ. ಕ್ಯಾಸೆಟ್ ಕೇಳಿಕೊಂಡು, ರೋಗಿಗಳ ಬಾಯಿ ತೆರೆಸಿಟ್ಟು ಗುನುಗಿಕೊಂಡು ಕಲಿತವನು. ಹಾಡು ಹಾಕಿದರು. ಭಾರ ಇತ್ತು. ನಡುಕ ಇತ್ತು. ನಡುಕದ ವೇಗವೂ ತಪ್ಪಿರಲಿಲ್ಲ, ಅವನಿಗೆ ಆ ಕಡ್ಡಿಯ ಸುತ್ತುಗಳನ್ನೇ ಎಣಿಸಬಹುದು ಅನ್ನಿಸಿತು.

"ಸಂಗ್ರಹಕ್ಕೆ ಬೀದಿ ಹೆಸರಿಟ್ಟಿದೀವಿ ಮೇಡಂ," ಎಂದ ಅಧಿಕಾರಿ. "ಬೀದೀನೇ ನೋಡದವರ ಹಾಡು ಹಾಕಿದ್ರೆ ನಾಳೆ ನನ್ನನ್ನ ಕೇಳ್ತಾರೆ. ಹುಟ್ಟಿದ್ದು ಇಲ್ಲಾ ಬಾಳಿದ್ದು, ಎರಡರಲ್ಲಿ ಒಂದಾದ್ರೂ ಇಲ್ಲಿ ಆಗಿರ್ಬೇಕಲ್ಲ."

"ಬೀದಿ ಅಂದ್ರೆ ವಿಳಾಸ ಅಲ್ಲ ಸಾರ್. ಅಲ್ಲಿ ಹುಟ್ಟಿ ಸಿನಿಮಾ ಹಾಡು ಹಾಡೋರು ನೂರು ಜನ ಇದಾರೆ, ಅವರನ್ನ ಹಾಕ್ತೀರಾ? ಇವನ ಗಂಟಲಲ್ಲಿ ಆ ಗೋಡೆಗಳ ಅದುರು ಇದೆ. ಕಾಲಿಡದೇನೇ ಅವನು ಅಲ್ಲಿಯವನು." ಪ್ರೊಫೆಸರಮ್ಮನ ಕಣ್ಣು ಒದ್ದೆಯಾಗಿತ್ತು. ಅವರು ಕೆಟ್ಟವರಲ್ಲ. ಆ ಬೀದಿಗಳನ್ನು ಅವರಷ್ಟು ಪ್ರೀತಿಸಿದವರು ಯಾರಿದ್ದಾರೆ, ಅಲ್ಲಿ ಒಂದು ದಿನವೂ ನೀರಿಗೆ ಸಾಲು ನಿಂತಿಲ್ಲವೆನ್ನುವುದನ್ನು ಬಿಟ್ಟರೆ? "ನೀವು ಹೇಳಿ ಮೇಷ್ಟ್ರೇ. ಊರು ದೊಡ್ಡದೋ, ದನಿ ದೊಡ್ಡದೋ?"

ಒಂದು ಅಂಟುಪಟ್ಟಿ ದೊಡ್ಡದು, ಎನ್ನಬೇಕೆನ್ನಿಸಿ ಗಂಟಲವರೆಗೆ ಬಂದ ನಗುವನ್ನು ಅವನು ಕೆಮ್ಮಾಗಿ ಮಾಡಿಕೊಂಡ. "ದನಿ," ಎಂದ. ಪ್ರೊಫೆಸರಮ್ಮ ಗೆದ್ದ ಸಂತೋಷಕ್ಕೆ ಅವನ ಕಡೆ ನೀರಿನ ಲೋಟ ಸರಿಸಿದರು. ಹಲ್ಲಿನ ಡಾಕ್ಟರು ಹಿಂಬೀದಿಯವನಾದ. ಅಧಿಕಾರಿ ಗುರುತು ಹಾಕಿ, ಗಂಟೆ ಒತ್ತಿ, "ಆ ಹೊಲಿಗೆಯಮ್ಮನನ್ನ ಕಳ್ಸಿ" ಎಂದ.

ಅವಳು ಬಂದಳು. ಈ ಸೆಕೆಯಲ್ಲಿ ಗಂಟಲಿಗೆ ತಂಡಿಯಾಗದಿರಲೆಂದು ಮಫ್ಲರ್ ಸುತ್ತಿಕೊಂಡಿದ್ದಳು. ಒಳಗೆ ಬಂದವಳ ಕಣ್ಣು ಮೊದಲು ಹೋದದ್ದು ಅವನ ಅಂಗಿಯ ಭುಜಕ್ಕೆ. ಹೊಲಿಗೆ ಸರಿಯಾಗಿ ಕೂತಿದೆಯೆಂದು ನೋಡಿ ಸಮಾಧಾನವಾಗಿ, ಆಮೇಲೆ ಎಲ್ಲರಿಗೂ ಕೈಮುಗಿದಳು. "ಭಾವ ಆಗ್ಲೇ ಬಂದಿದಾರೆ," ಎಂದು ಯಾರಿಗೆಂದಿಲ್ಲದೆ ಹೇಳಿದಳು.

"ಭಾವನಾ?" ಅಧಿಕಾರಿ ಪೆನ್ನು ಕೆಳಗಿಟ್ಟ. "ಸಂಬಂಧಿಕರು ಅಂತ ಹೇಳ್ಲೇ ಇಲ್ವಲ್ಲ ಮೇಷ್ಟ್ರೇ."

ಅವನ ಕಿವಿ ಬಿಸಿಯಾಯಿತು. ಹೇಳಲು ಯಾರೂ ಕೇಳಿರಲಿಲ್ಲ. ಆದರೆ ಬಿಸಿಯ ಹಿಂದೆಯೇ ಒಳಗೆಲ್ಲೋ ತಂಪಾದದ್ದೂ ಅವನಿಗೆ ಗೊತ್ತಾಯಿತು: ಈಗ ಹೌದೆಂದರೆ ಮನೆಯವಳೆಂದು ಹೇಳಿದ ಎನ್ನುತ್ತಾರೆ. ಹೇಳಿ ಏನು ಪ್ರಯೋಜನ? ಇಂಥ ಒಂದು ನೆಪ ಸಿಕ್ಕಿದ್ದಕ್ಕೆ ಅವನು ಮನಸ್ಸಿನಲ್ಲೇ ಅವಳಿಗೆ ಉಪಕೃತನಾದ.

"ಈಗ ಎಲ್ಲಿದೀರಮ್ಮಾ?"

"ಮೇಲಿನ ಬಡಾವಣೆ ಸಾರ್. ಮದುವೆ ಆದ್ಮೇಲೆ ಅಲ್ಲೇ. ಹುಟ್ಟಿದ್ದು ಹಿಂಬೀದೀಲಿ, ಐದನೇ ಸಾಲು."

"ಊರಿನ ಲೆಕ್ಕದಲ್ಲಿ ಅರ್ಧ ಆಯ್ತು," ಎಂದು ಅಧಿಕಾರಿ ತಮಾಷೆ ಮಾಡಿದ. ಅವಳು ನಕ್ಕಳು, ನಗಬೇಕಾದಲ್ಲಿ ನಗುವವರ ಹಾಗೆ, ತುಸು ತಡವಾಗಿ. "ಹಾಡಿ. ಹೆದ್ರಬೇಡಿ."

ಮಫ್ಲರ್ ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಹಾಡಿದಳು. ಮೊದಲ ಸಾಲಿಗೆ ದನಿ ಎಡವಿತು. ಎರಡನೆಯದಕ್ಕೆ ಅವನು ಕಂಬಳಿ ಹೊಡೆದ ಕೋಣೆಯಲ್ಲಿದ್ದ. ಮೆಟ್ಟಿಲು ಓಡಿ ಹತ್ತುವ ಅದೇ ದನಿ, ವಯಸ್ಸು ಅಂಚನ್ನು ಸ್ವಲ್ಪ ಒರಟು ಮಾಡಿತ್ತೇ ಹೊರತು ಒಳಗೆ ಏನೂ ಆಗಿರಲಿಲ್ಲ. ಅವಳು ಕೆಲವು ವರ್ಷ ಗಂಟಲು ದಪ್ಪ ಮಾಡಲು ನೋಡಿದ್ದಳೆಂದೂ, ಆಗದೆ ಬಿಟ್ಟಳೆಂದೂ ಹೆಂಡತಿ ಹೇಳಿದ್ದಳು. ಆಗದೆ ಉಳಿದ ಆ ದನಿ ಈಗ ಇಲಾಖೆಯ ಕಡತಗಳ ನಡುವೆ ನಗುನಗುತ್ತ ಓಡಾಡುತ್ತಿತ್ತು, ಯಾರಿಗೂ ಬೇಡದೆ. ಪ್ರೊಫೆಸರಮ್ಮನ ಪೆನ್ನು ತಾಳ ಹಾಕುವುದನ್ನು ನಿಲ್ಲಿಸಿದ್ದನ್ನು ಅವನು ಕಂಡ. ಹದಿನಾಲ್ಕನೇ ನಂಬರು ಹೆಸರಾದ ವರ್ಷ ನಿಲ್ದಾಣದ ಮೈದಾನದಲ್ಲಿ ಸಾವಿರ ಜನರ ಚಪ್ಪಾಳೆಯೂ ಹೀಗೇ ಒಮ್ಮೆಗೇ ನಿಂತಿತ್ತು. ಆ ಹಾಡನ್ನು ಅವಳೂ ಹಾಡಿದ್ದಳೆಂದು ಯಾರೋ ಹೇಳಿ, ಹದಿನಾಲ್ಕನೇ ನಂಬರಿನ ಹುಡುಗಿ ಎಂದು ಕೂಗಿ ಕರೆದು ವೇದಿಕೆ ಹತ್ತಿಸಿದ್ದರು. ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನಿಂದ, "ಇದ್ಯಾವ ಗುಬ್ಬಚ್ಚಿಯೋ?" ಎಂದು ಬಂತು, ಹಿಂದಿನಿಂದ, "ಕ್ಯಾಸೆಟ್ ಹಾಕ್ರೋ!" ಅವನು ಧ್ವನಿವರ್ಧಕದ ಪೆಟ್ಟಿಗೆಯ ಮುಂದೆ ಕೂತಿದ್ದ. ಮೈಕು ಕೆಟ್ಟಿದೆಯೆಂದು ತಿಳಿದು ಅವಳು ಅವನ ಕಡೆ ನೋಡಿ, ಜಾಸ್ತಿ ಮಾಡಿ ಭಾವ, ಎಂದು ಬೆರಳಲ್ಲಿ ಸನ್ನೆ ಮಾಡಿದಳು. ಅವನು ಕಡಿಮೆ ಮಾಡಿದ. ಅವಳ ಅವಮಾನ ಬೇಗ ಮುಗಿಯಲಿ ಎಂದೇ ಮಾಡಿದೆನೆಂದು ಆಮೇಲೆ ತನಗೆ ತಾನೇ ಹೇಳಿಕೊಂಡಿದ್ದ. ಅವಳು ಕೇಳಿಸದ ಹಾಡನ್ನು ಕೊನೆಯವರೆಗೂ ಹಾಡಿ, ಕೈಮುಗಿದು ಇಳಿದಳು. ಗಂಡನ ಮನೆಯಲ್ಲೂ ಅವಳಿಗೆ ಗುಬ್ಬಚ್ಚಿ ಎಂದೇ ಹೆಸರಾಯಿತು, ಮಕ್ಕಳೂ ಒಮ್ಮೊಮ್ಮೆ ಹಾಗೆಯೇ ಕರೆಯುತ್ತವೆ.

"ಚೆನ್ನಾಗಿ ಹಾಡ್ತೀರಮ್ಮಾ," ಎಂದರು ಪ್ರೊಫೆಸರಮ್ಮ, ಮಗುವಿಗೆ ಹೇಳುವಂತೆ. "ಆದ್ರೆ ಇದು ಆ ದನಿ ಅಲ್ಲ, ಅಲ್ವಾ? ವಯಸ್ಸಾದ್ರೆ ದನಿ ಇಳಿಯತ್ತೆ, ನಿಮ್ಮದು ಕ್ಯಾಸೆಟ್ಟಿನದಕ್ಕಿಂತ ಮೇಲಿದೆ. ಮೇಷ್ಟ್ರೇ, ಒಂದ್ಸಲ ಹಾಕಿ, ಅವರೂ ಕೇಳ್ಲಿ."

ಯಂತ್ರ ಅವನ ಮುಂದೆಯೇ ಇತ್ತು. ಹೊಸ ಯಂತ್ರ, ಎಡಕ್ಕೆ ದನಿಯ ಗುಂಡಿ, ಬಲಕ್ಕೆ ವೇಗದ ಗುಂಡಿ. ಹದಿನಾಲ್ಕನೇ ನಂಬರು ಶುರುವಾಯಿತು. ಆ ನಲವತ್ತು ದಾಟಿದ, ಎಲ್ಲ ಕಳೆದುಕೊಂಡ ಹೆಂಗಸು ಕೋಣೆಯೊಳಗೆ ಬಂದು ಕೂತಳು. ಅವನ ಬಲಗೈ ವೇಗದ ಗುಂಡಿಯ ಮೇಲಿತ್ತು. ಯಾವಾಗ ಅಲ್ಲಿಗೆ ಹೋಯಿತೋ ಅವನಿಗೆ ತಿಳಿಯದು. ಒಂದು ಕಾಳಿನಷ್ಟು ತಿರುಗಿಸಿದರೆ ಸಾಕು; ಏನೂ ಹೇಳಬೇಕಾಗಿಲ್ಲ, ಆ ಹೆಂಗಸು ಕರಗಿ ಹೋಗಿ ಹತ್ತೊಂಬತ್ತರ ಹುಡುಗಿ ಬರುತ್ತಾಳೆ, ಎದುರಿಗೆ ಕೂತವಳ ಪಕ್ಕಕ್ಕೇ ಬಂದು ನಿಲ್ಲುತ್ತಾಳೆ, ಕುರುಡನಿಗೂ ಗುರುತು ಸಿಗುತ್ತದೆ. ಆಮೇಲೆ? ಆಮೇಲೆ ಪ್ರೊಫೆಸರಮ್ಮನ ನಾನೂರು ಪುಟ. ಹಿಂಡಿಕೊಂಡ ಅಷ್ಟೂ ಗಂಟಲುಗಳು. ಹಲ್ಲಿನ ಡಾಕ್ಟರು. ನಿಮಗೆ ಮೊದಲಿಂದಲೂ ಗೊತ್ತಿತ್ತಾ ಮೇಷ್ಟ್ರೇ? ಇದನ್ನೆಲ್ಲ ತನಗಾಗಿ ಅಲ್ಲ, ಅವರಿಗಾಗಿ ಯೋಚಿಸುತ್ತಿದ್ದೇನೆ ಎಂದು ಅವನು ನಂಬಲು ನೋಡಿದ, ನಂಬಿಕೆ ಬರಲಿಲ್ಲ. ಕಣ್ಣೆದುರು ನಿಂತದ್ದು ಒಂದೇ, ಕಿವಿ ಮೇಷ್ಟ್ರು ಎಂದು ಇನ್ನು ಮೇಲೆ ಜನ ಕರೆಯುವಾಗ ಅವರ ತುಟಿಯ ಕೊನೆಯಲ್ಲಿ ಇರುವ ನಗು. ನಾದಿನಿ ಕ್ಯಾಸೆಟ್ಟಿನ ಕಡೆ ಬಗ್ಗಿ, ತುಟಿಯಲ್ಲೇ ಜೊತೆಗೆ ಹಾಡುತ್ತಿದ್ದಳು. ಕ್ಯಾಸೆಟ್ಟಿಗಿಂತ ಮುಂದೆ ಹೋಗಿ, ನಿಂತು, ಅದು ಬರುವವರೆಗೆ ಕಾದು, ಮತ್ತೆ ಹಾಡುತ್ತಿದ್ದಳು.

"ಸ್ವಲ್ಪ ಜೋರು ಮಾಡಿ," ಎಂದರು ಪ್ರೊಫೆಸರಮ್ಮ. ಅವನು ಕೈ ತೆಗೆದು ಎಡಗಡೆಯ ಗುಂಡಿಯನ್ನು ತಿರುಗಿಸಿದ.

ಹಾಡು ಮುಗಿಯಿತು. ಅಧಿಕಾರಿ ಗಡಿಯಾರ ನೋಡಿ, "ನಮಗೆ ಕಿವಿ ಸಾಲದು. ರೆಕಾರ್ಡ್ ಮಾಡಿದವರು ಇಲ್ಲೇ ಇದಾರೆ, ಅವರೇ ಹೇಳ್ಬಿಡ್ಲಿ," ಎಂದ. "ಮೇಷ್ಟ್ರೇ, ಸಂಬಂಧ ಪಕ್ಕಕ್ಕಿಡಿ. ಇದು ಇವರದಾ, ಅಲ್ವಾ?"

ಅವಳು ಅವನನ್ನು ನೋಡಿದಳು. ಬೇಡಿಕೆಯಿರಲಿಲ್ಲ ಆ ನೋಟದಲ್ಲಿ. ರೋಗ ಏನೆಂದು ಡಾಕ್ಟರು ಹೇಳುವುದನ್ನು ಕಾಯುವವರು ನೋಡುವ ಹಾಗೆ ನೋಡಿದಳು. ಭಾವನಿಗೆ ಗೊತ್ತು, ಭಾವ ಹೇಳಿದ್ದು ನಿಜವಿರುತ್ತದೆ.

"ಅಲ್ಲ," ಎಂದ ಅವನು.

ತನ್ನ ದನಿಯೇ ಅವನಿಗೆ ಕೇಳಿಸಿತು. ಅದರಲ್ಲಿ ನಡುಕವಿರಲಿಲ್ಲ. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದು ಅವನ ಕೈ ಕುಲುಕಿದ. "ಸ್ವಂತ ನಾದಿನಿ ಆದ್ರೂ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರಿ. ನಿಮ್ಮಂಥೋರು ಈಗ ಎಲ್ಲಿದಾರೆ, ಹೇಳಿ." ಪ್ರೊಫೆಸರಮ್ಮ ಏನೋ ಬರೆದುಕೊಂಡರು. ಅವಳು ಅಳುತ್ತಾಳೆಂದು ಅವನು ಹಲ್ಲು ಕಚ್ಚಿ ಕೂತಿದ್ದ. ಅವಳು ಅಳಲಿಲ್ಲ. ಮಫ್ಲರನ್ನು ಬಿಚ್ಚಿ ಮತ್ತೆ ಮಡಚಿದಳು, ಅಂಚಿಗೆ ಅಂಚು ಕೂಡಿಸಿ. ಆಮೇಲೆ ಮುಖ ಎತ್ತಿದಾಗ ಅದರಲ್ಲಿ ಎಂಥದೋ ಒಂದು ಹಗುರವಿತ್ತು.

"ನಂಗೂ ಒಳಗೊಳಗೆ ಹಾಗೇ ಅನ್ನಿಸ್ತಿತ್ತು ಭಾವ. ಕ್ಯಾಸೆಟ್ ಕೇಳಿದಾಗೆಲ್ಲ, ಇದು ನನ್ನ ಗಂಟಲಲ್ಲ, ಇಷ್ಟು ಚೆನ್ನಾಗಿ ನಂಗೆಲ್ಲಿ ಬರ್ಬೇಕು ಅಂತ. ಜನ ಹೇಳ್ತಾರಲ್ಲ, ಅಕ್ಕನೂ ಹೇಳ್ತಾಳೆ, ಇದ್ರೂ ಇರ್ಬಹುದು ಅಂತ..." ಸಣ್ಣಗೆ ನಕ್ಕಳು. "ಹಾಗಾದ್ರೆ ಅವತ್ತು ಮೈದಾನದಲ್ಲಿ ಜನ ಕೂಗಿದ್ದೂ ಸರೀನೇ ಬಿಡಿ. ಬೇರೆಯವರ ಹಾಡಿಗೆ ನಾನು ಹೋಗಿ ನಿಂತಿದ್ದೆ. ನಾನು ಸುಮ್ನೆ ಇಷ್ಟು ವರ್ಷ ಅವರ ಮೇಲೆ ಸಿಟ್ಟು ಇಟ್ಕೊಂಡಿದ್ದೆ."

ಅವಳು ಎದ್ದಳು, ಬಾಗಿಲವರೆಗೆ ಹೋಗಿ ನಿಂತಳು.

"ಮತ್ತೆ ಯಾರು ಭಾವ ಅದು? ಆ ನಾಲ್ವರಲ್ಲಿ ಯಾರು?"

"ಹೌದು ಸಾರ್," ಎಂದು ಅಧಿಕಾರಿಯೂ ಪೆನ್ನು ಎತ್ತಿಕೊಂಡ. "ಯಾವ್ದಾದ್ರೂ ಒಂದು ಹೆಸರು ಬೇಕಲ್ಲ. ಬದುಕಿದಾರಾ? ಕರೆಸೋಣ."

"ಹೆಸರು ಮರೆತುಹೋಗಿದೆ," ಎಂದ ಅವನು. ಮೂವರೂ ಅವನನ್ನೇ ನೋಡುತ್ತಿದ್ದರು. "ಇಲ್ಲ ಅವಳು. ಕ್ಯಾಸೆಟ್ ಬರೋ ಮೊದಲೇ ತೀರ್ಕೊಂಡ್ಲು. ಚಿಕ್ಕ ಹುಡುಗಿ."

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟು ಹೊತ್ತು ಬಾರದ ನೀರು ಈಗ ಅವಳ ಕಣ್ಣಿಗೆ ಬಂತು.

"ಅಯ್ಯೋ ಪಾಪ," ಎಂದಳು. "ತನ್ನ ದನಿ ಊರೆಲ್ಲ ಕೇಳ್ತಿದೆ ಅಂತ ಅವಳಿಗೆ ಗೊತ್ತೇ ಆಗ್ಲಿಲ್ವಲ್ಲ, ಭಾವ."